ಆಟದ ಬಯಲಿಗೆ ಬಂದ ಮನಶ್ಶಾಸ್ತ್ರಜ್ಞ

ಕ್ರಿಕೆಟ್ ಪಂದ್ಯದ ವೀಕ್ಷಕ ವಿವರಣೆ ಬರುತ್ತಿರುವಾಗ ರೇಡಿಯೋದ ಸುತ್ತ ಕುಳಿತ ನಾಲ್ಕು ಜನರ ಮಾತನ್ನು ಒಮ್ಮೆ ಗಮನಿಸಿ ನೋಡಿ. ಆಟಗಾರನನ್ನು ಅವರಾರೂ ಕಣ್ಣಿನಿಂದ ಕಾಣುತ್ತಿಲ್ಲ. ಅವನ ಬ್ಯಾಟು ಹೇಗೆ ಬಂತು, ಕಾಲು ಎಲ್ಲಿತ್ತು ಎಂಬುದೆಲ್ಲ ವಿವರಣೆಕಾರರ ಬಾಯಿಂದ ಕೇಳಿದಷ್ಟೇ. ಆದರೂ ಅವನು ಔಟಾದ ಮರುಕ್ಷಣ ತೀರ್ಪು ಸಿದ್ಧವಾಗಿರುತ್ತದೆ. ಒಬ್ಬರು ‘ಅಳುಕಿಬಿಟ್ಟ’ ಎನ್ನುತ್ತಾರೆ. ಇನ್ನೊಬ್ಬರು ‘ತಲೆಗೇರಿತ್ತು, ಅದಕ್ಕೇ ಹೋದ’ ಎನ್ನುತ್ತಾರೆ. ಮೂಲೆಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತ ಕುಳಿತ ಅಜ್ಜನವರು ‘ಮನಸ್ಸು ಆಟದ ಮೇಲಿರಲಿಲ್ಲ’ ಎಂದು ಮುಗಿಸಿಬಿಡುತ್ತಾರೆ. ‘ಮೊಣಕೈ ಎರಡು ಅಂಗುಲ ತಗ್ಗಿತ್ತು’ ಎನ್ನುವವರು ಯಾರೂ ಇಲ್ಲ.

ಸೋಲು ಗೆಲುವುಗಳ ಬೇರು ಮನಸ್ಸಿನಲ್ಲಿದೆ ಎಂಬ ನಂಬಿಕೆ ನಮಗೆ ಹೊಸದಲ್ಲ. ಅಂತಃಪುರದಲ್ಲಿ ಹೆಂಗಳೆಯರ ಮುಂದೆ ಪೌರುಷ ಕೊಚ್ಚಿಕೊಂಡ ಉತ್ತರಕುಮಾರ ಕೌರವಸೇನೆಯನ್ನು ಕಂಡೊಡನೆ ರಥದಿಂದ ಧುಮುಕಿ ಓಡಿದ ಪ್ರಸಂಗವನ್ನು ಗಮಕಿಗಳ ಬಾಯಲ್ಲಿ ಕೇಳಿ ನಕ್ಕವರೇ ನಾವೆಲ್ಲ. ಅವನಿಗೆ ಬಿಲ್ಲುವಿದ್ಯೆ ಬಾರದೆಂದು ಕವಿ ಎಲ್ಲಿಯೂ ಹೇಳಲಿಲ್ಲ. ಬಂದ ವಿದ್ಯೆ ಬೇಕಾದಾಗ ಕೈಗೆ ಬರಲಿಲ್ಲ, ಅಷ್ಟೆ. ಆದರೆ ಬಂದ ವಿದ್ಯೆ ಕೆಲವರಿಗೆ ಮಾತ್ರ ಸಮಯಕ್ಕೆ ಒದಗುವುದು ಏಕೆ, ಇತರರಿಗೆ ಒದಗದಿರುವುದು ಏಕೆ ಎಂಬುದನ್ನು ಗಾದೆಮಾತಿನಲ್ಲಿ ಮುಗಿಸದೆ, ಕಾಗದ ಪೆನ್ಸಿಲು ಹಿಡಿದು ಆಟದ ಬಯಲಿಗೇ ಹೋಗಿ ವಿಚಾರಿಸಿದವರು ವಿರಳ. ಅಮೆರಿಕದಲ್ಲಿ ಆ ಕೆಲಸಕ್ಕೆ ಮೊದಲು ತಮ್ಮನ್ನು ಕೊಟ್ಟುಕೊಂಡವರು ಕೋಲ್ಮನ್ ರಾಬರ್ಟ್ಸ್ ಗ್ರಿಫಿತ್. ಅವರ ಕಥೆಯನ್ನು ಈ ಲೇಖನದಲ್ಲಿ ಹೇಳಬೇಕೆಂದಿದ್ದೇನೆ. ಅದು ಜಯಭೇರಿಯ ಕಥೆಯೇನೂ ಅಲ್ಲವೆಂದು ಮೊದಲೇ ತಿಳಿಸಿಬಿಡುವುದು ಒಳ್ಳೆಯದು.

೧೯೨೪ನೆಯ ಇಸವಿ, ಅಕ್ಟೋಬರ್ ೧೮. ಇಲಿನಾಯ್ ವಿಶ್ವವಿದ್ಯಾನಿಲಯದ ಹೊಸ ಕ್ರೀಡಾಂಗಣದ ಸಮರ್ಪಣೆಯ ದಿನ. ಮಿಷಿಗನ್ ವಿಶ್ವವಿದ್ಯಾನಿಲಯದ ತಂಡದೊಡನೆ ಫುಟ್‌ಬಾಲ್ ಪಂದ್ಯ. ಅಮೆರಿಕದವರು ಫುಟ್‌ಬಾಲ್ ಎನ್ನುವ ಆಟ ನಮ್ಮ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಎದುರು ಪಕ್ಷದ ಕೊನೆಯ ಗೆರೆ ದಾಟಬೇಕು. ಹನ್ನೊಂದು ಜನ ಅಡ್ಡ ಬಂದು ಕೆಡವಲು ನೋಡುತ್ತಾರೆ. ಕಬಡ್ಡಿಯಲ್ಲಿ ಒಳನುಗ್ಗಿದವನು ನಡುಗೆರೆಗೆ ಹಿಂದಿರುಗುವಾಗಿನ ಪಾಡನ್ನು ನೆನೆದುಕೊಂಡರೆ, ಆ ಆಟದ ಬಿಸಿ ನಮಗೆ ಸ್ವಲ್ಪ ತಿಳಿದೀತು. ಆ ದಿನ ಇಲಿನಾಯ್ ತಂಡದ ರೆಡ್ ಗ್ರೇಂಜ್ ಎಂಬ ತರುಣ ಆಟ ಆರಂಭವಾದೊಡನೆ ತನಗೆ ಬಂದ ಚೆಂಡನ್ನು ಹಿಡಿದು ೯೫ ಗಜ ಓಡಿ ಗೆರೆ ದಾಟಿದ. ಆಮೇಲೆ ೬೭ ಗಜ, ೫೬ ಗಜ, ೪೪ ಗಜ. ಮೊದಲ ಹನ್ನೆರಡು ನಿಮಿಷಗಳೊಳಗೆ ನಾಲ್ಕು ಬಾರಿ. ಅದನ್ನು ಕಂಡ ಜನ ಬದುಕಿರುವವರೆಗೂ ಹೇಳಿಕೊಂಡು ತಿರುಗಿದರು.

ಆಟ ಮುಗಿದ ಮೇಲೆ ಪತ್ರಿಕೆಯವರು ಗ್ರೇಂಜನನ್ನು ಮುತ್ತಿಕೊಂಡಿದ್ದರಲ್ಲಿ ಆಶ್ಚರ್ಯವಿಲ್ಲ. ಅದೇ ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರದ ಅಧ್ಯಾಪಕರಾಗಿದ್ದ ಗ್ರಿಫಿತ್ ಅವರೂ ಆತನನ್ನು ಮಾತನಾಡಿಸಿದರು. ಆದರೆ ಅವರಿಗೆ ಬೇಕಾಗಿದ್ದುದು ಬೇರೆ. ಓಡುವಾಗ ನಿನ್ನ ಮನಸ್ಸಿನಲ್ಲಿ ಏನಿತ್ತು, ಯಾರನ್ನು ಕಂಡೆ, ಎಡಕ್ಕೆ ಹೊರಳಬೇಕೆಂದು ಯಾವಾಗ ನಿಶ್ಚಯಿಸಿದೆ ಎಂಬಂಥ ಸಂಗತಿಗಳನ್ನು ಅವರು ವಿಚಾರಿಸಿದರು. ದೊರೆತ ಉತ್ತರ ವಿಚಿತ್ರವಾಗಿತ್ತು. ಸಾವಿರಾರು ಜನರ ಕಣ್ಣಿಗೆ ಕಟ್ಟಿದ್ದ ಆ ಓಟಗಳ ವಿವರ ಓಡಿದವನಿಗೇ ನೆನಪಿರಲಿಲ್ಲ.

ನಮ್ಮಂಥ ಹಳೆಯ ಪಾಠಶಾಲೆಯವರಿಗೆ ಇದು ತೀರ ಅಪರಿಚಿತವಾದುದಲ್ಲ. ಬಾಲ್ಯದಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡಿದವನು ವರ್ಗವರ್ಗವನ್ನೇ ನೀರು ಹರಿದಂತೆ ಹೇಳಿಕೊಂಡು ಹೋಗುತ್ತಾನೆ. ನಡುವೆ ತಡೆದು ‘ಮುಂದಿನ ಪದ ಯಾವುದು?’ ಎಂದು ಕೇಳಿ ನೋಡಿ. ತಬ್ಬಿಬ್ಬಾಗಿ ಮತ್ತೆ ಮೊದಲಿನಿಂದ ತೊಡಗುತ್ತಾನೆ. ವಿದ್ಯೆ ಚೆನ್ನಾಗಿ ಪಳಗಿದ ಮೇಲೆ ಬುದ್ಧಿಯ ಕಾವಲಿನಿಂದ ಕೆಳಗಿಳಿದು ನಾಲಗೆಯಲ್ಲಿಯೋ ಕಾಲಿನಲ್ಲಿಯೋ ನೆಲಸುತ್ತದೆ. ಗ್ರೇಂಜನ ಮರೆವಿನಿಂದ ಗ್ರಿಫಿತ್ ಅವರು ಕಂಡುಕೊಂಡುದು ಇದನ್ನೇ. ಒಳ್ಳೆಯ ಆಟಗಾರ ಆಡುವಾಗ ಯೋಚಿಸಿ ಯೋಚಿಸಿ ಆಡುವುದಿಲ್ಲ. ಯೋಚನೆಯೆಲ್ಲ ಅಭ್ಯಾಸದ ದಿನಗಳಲ್ಲಿಯೇ ಮುಗಿದಿರುತ್ತದೆ.

ಈ ಪ್ರಶ್ನೆಯನ್ನು ಕೇಳುವ ಬುದ್ಧಿ ಅವರಿಗೆ ಹೇಗೆ ಬಂತು? ಗ್ರಿಫಿತ್ ಹುಟ್ಟಿದ್ದು ೧೮೯೩ರಲ್ಲಿ, ಅಯೋವಾ ಸಂಸ್ಥಾನದ ಗತ್ರಿ ಸೆಂಟರ್ ಎಂಬ ಸಣ್ಣ ಊರಿನಲ್ಲಿ. ಗ್ರೀನ್‌ವಿಲ್ ಕಾಲೇಜಿನಲ್ಲಿ ಓದಿ, ೧೯೧೫ರಲ್ಲಿ ಪದವಿ ಪಡೆದು, ಇಲಿನಾಯ್ ವಿಶ್ವವಿದ್ಯಾನಿಲಯ ಸೇರಿ, ಮ್ಯಾಡಿಸನ್ ಬೆಂಟ್ಲಿ ಎಂಬ ವಿದ್ವಾಂಸರ ಕೈಕೆಳಗೆ ೧೯೨೦ರಲ್ಲಿ ಡಾಕ್ಟರೇಟ್ ಪಡೆದರು. ಅವರ ಮೊದಲ ಸಂಶೋಧನೆಗೂ ಆಟಕ್ಕೂ ಏನೇನೂ ಸಂಬಂಧವಿರಲಿಲ್ಲ. ಬಿಳಿ ಇಲಿಗಳನ್ನು ಗಿರಗಿರನೆ ತಿರುಗಿಸಿ, ಕಿವಿಯೊಳಗಿರುವ ಸಮತೋಲದ ಇಂದ್ರಿಯ ಅದಕ್ಕೆ ಹೇಗೆ ಹೊಂದಿಕೊಳ್ಳುತ್ತದೆಂದು ಪರೀಕ್ಷಿಸುವ ಕೆಲಸ ಅದು. ಆದರೆ ೧೯೧೮ರಿಂದಲೇ ಅವರ ಕಣ್ಣು ಕಿಟಕಿಯ ಆಚೆಗಿನ ಆಟದ ಬಯಲಿನ ಮೇಲೂ ಬಿದ್ದಿತ್ತು. ಬ್ಯಾಸ್ಕೆಟ್‌ಬಾಲ್ ಮತ್ತು ಫುಟ್‌ಬಾಲ್ ಆಡುವವರ ದೃಷ್ಟಿ, ಗಮನ, ಪ್ರತಿಕ್ರಿಯೆಯ ವೇಗಗಳನ್ನು ಬಿಡುವಾದಾಗಲೆಲ್ಲ ಗುರುತಿಸಿಕೊಳ್ಳುತ್ತಿದ್ದರು. ೧೯೨೩ರಲ್ಲಿ ‘ಮನಶ್ಶಾಸ್ತ್ರ ಮತ್ತು ಕ್ರೀಡೆ’ ಎಂಬ ವಿಷಯವನ್ನು ತರಗತಿಯಲ್ಲಿ ಪಾಠ ಹೇಳತೊಡಗಿದರು. ವಿಶ್ವವಿದ್ಯಾನಿಲಯದ ಕ್ರೀಡಾವಿಭಾಗದ ಹಿರಿಯರಾದ ಜಾರ್ಜ್ ಹಫ್ ಅವರಿಗೆ ಈ ತರುಣನ ಕೆಲಸ ಹಿಡಿಸಿತು. ಅವರ ಬೆಂಬಲದಿಂದ ೧೯೨೫ರಲ್ಲಿ ಕ್ರೀಡಾ ಸಂಶೋಧನಾ ಪ್ರಯೋಗಶಾಲೆಯೊಂದು ಸ್ಥಾಪನೆಯಾಯಿತು. ಒಂದು ಕೋಣೆ ಮನಶ್ಶಾಸ್ತ್ರಕ್ಕೆ, ಒಂದು ಶರೀರಶಾಸ್ತ್ರಕ್ಕೆ; ಉಪಕರಣ ಮಾಡಿಕೊಳ್ಳಲು ಒಂದು ಕಮ್ಮಟ, ಜೊತೆಗೆ ಇಲಿಗಳಿಗೊಂದು ಮನೆ. ಇಲಿಗಳನ್ನು ಅವರು ಅಷ್ಟು ಸುಲಭವಾಗಿ ಬಿಟ್ಟುಕೊಡಲಿಲ್ಲ.

ನ್ಯಾಯವಾಗಿ ಹೇಳಬೇಕಾದರೆ, ಜಗತ್ತಿನಲ್ಲಿ ಇವರೇ ಮೊದಲಿಗರೆಂದು ಹೇಳಲಾಗದು. ಸೈಕಲ್ ಪಂದ್ಯಗಳಲ್ಲಿ ಒಬ್ಬನೇ ಓಡಿಸುವುದಕ್ಕಿಂತ ಇನ್ನೊಬ್ಬನ ಜೊತೆಯಲ್ಲಿ ಓಡಿಸುವಾಗ ವೇಗ ಹೆಚ್ಚುವುದನ್ನು ನಾರ್ಮನ್ ಟ್ರಿಪ್ಲೆಟ್ ಎಂಬವರು ೧೮೯೮ರಲ್ಲಿಯೇ ಬರೆದು ಪ್ರಕಟಿಸಿದ್ದರು. ಬರ್ಲಿನ್ನಿನಲ್ಲಿ ೧೯೨೦ರಲ್ಲಿ ಹುಟ್ಟಿದ ವ್ಯಾಯಾಮ ವಿದ್ಯಾಪೀಠದಲ್ಲಿಯೂ ಇಂಥ ಪರೀಕ್ಷೆಗಳು ನಡೆಯುತ್ತಿದ್ದವು. ಆದರೆ ಟ್ರಿಪ್ಲೆಟ್ ಆ ಒಂದು ಪ್ರಯೋಗ ಮಾಡಿ ಬೇರೆ ಕಡೆಗೆ ತಿರುಗಿಕೊಂಡರು. ಆಟಗಾರನ ಮನಸ್ಸನ್ನು ತನ್ನ ಜೀವನದ ವಿಷಯವಾಗಿ ಕೈಗೆತ್ತಿಕೊಂಡು, ಅದಕ್ಕೊಂದು ಕಾರ್ಯಕ್ರಮ ಹಾಕಿಕೊಂಡವರು ಅಮೆರಿಕದಲ್ಲಿ ಗ್ರಿಫಿತ್ ಅವರಿಗಿಂತ ಮುಂಚೆ ಯಾರೂ ಇರಲಿಲ್ಲ.

ಆ ಕಾರ್ಯಕ್ರಮವನ್ನು ಅವರು ೧೯೨೫ರ ಒಂದು ಲೇಖನದಲ್ಲಿ ವಿವರಿಸಿದ್ದಾರೆ. ಆಟದ ಮನಶ್ಶಾಸ್ತ್ರಜ್ಞನಿಗೆ ಮೂರು ಕೆಲಸಗಳಿವೆ. ಹೆಸರಾಂತ ತರಬೇತುದಾರರು ತಮ್ಮ ಅನುಭವದಿಂದ ಅರಿತಿರುವುದನ್ನು ಕೇಳಿ, ಶೋಧಿಸಿ, ಕಿರಿಯ ತರಬೇತುದಾರರಿಗೆ ತಲಪಿಸುವುದು ಮೊದಲನೆಯದು. ಮನಶ್ಶಾಸ್ತ್ರದಲ್ಲಿ ಆಗಲೇ ಸಿದ್ಧವಾದ ಸಂಗತಿಗಳನ್ನು ಆಟಕ್ಕೆ ಹೊಂದಿಸುವುದು ಎರಡನೆಯದು. ಪ್ರಯೋಗಶಾಲೆಯಲ್ಲಿ ಹೊಸದನ್ನು ಕಂಡುಹಿಡಿಯುವುದು ಮೂರನೆಯದು. ಇವುಗಳ ಅನುಕ್ರಮವನ್ನು ಗಮನಿಸಬೇಕು. ಪಂಡಿತನಾದವನು ಮೊದಲು ಕೇಳುವವನಾಗಬೇಕು, ಆಮೇಲೆ ಹೇಳುವವನು. ಮನಶ್ಶಾಸ್ತ್ರಜ್ಞನೆಂದರೆ ದುಡ್ಡು ಕೊಟ್ಟರೆ ಏನೋ ಮಂತ್ರ ಹಾಕಿಬಿಡುವ ಮಾಂತ್ರಿಕನೆಂದು ಜನ ತಿಳಿದಿದ್ದಾರೆ, ಅದು ಶುದ್ಧ ತಪ್ಪು ಎಂದೂ ಅದೇ ಲೇಖನದಲ್ಲಿ ಅವರು ಎಚ್ಚರಿಸಿದ್ದರು. ಇಂದು ಅಂಥ ಮಾಂತ್ರಿಕರು ಊರಿಗೊಬ್ಬರಾಗಿರುವುದನ್ನು ನೋಡಿದರೆ, ಆ ಎಚ್ಚರಿಕೆ ಹಳತಾಯಿತೆಂದು ಹೇಳಲು ಬಾಯಿ ಬರುವುದಿಲ್ಲ.

ಬೆಳಕಿಗೆ, ಸದ್ದಿಗೆ, ಸ್ಪರ್ಶಕ್ಕೆ ಕೈಕಾಲು ಎಷ್ಟು ಬೇಗ ಮಾರುತ್ತರ ಕೊಡುತ್ತದೆ. ಸ್ನಾಯು ಬಿಗಿದಿದೆಯೆ, ಸಡಿಲವಾಗಿದೆಯೆ. ಕೈ ನಡುಗದೆ ಎಷ್ಟು ಹೊತ್ತು ನಿಲ್ಲುತ್ತದೆ. ಹೊಸ ಚಲನೆಯನ್ನು ಎಷ್ಟು ಸಾರಿ ಮಾಡಿದರೆ ಕಲಿತಂತಾಗುತ್ತದೆ ಎಂಬುದನ್ನೆಲ್ಲ ಅಳೆಯುವ ಉಪಕರಣಗಳನ್ನು ಅವರು ರೂಪಿಸಿದರು. ಇವುಗಳ ಪಟ್ಟಿಯನ್ನು ಉದ್ದಕ್ಕೆ ಹೇಳಿ ಓದುಗರನ್ನು ದಣಿಸುವುದಿಲ್ಲ. ನನಗೆ ಇವೆಲ್ಲಕ್ಕಿಂತ ಮಿಗಿಲಾಗಿ ಕಾಣುವುದು ಅವರು ಬರೆದ ಒಂದು ಕಾಗದ.

ನಾಟ್ರ ಡೇಮ್ ವಿಶ್ವವಿದ್ಯಾನಿಲಯದ ಫುಟ್‌ಬಾಲ್ ತರಬೇತುದಾರರಾದ ನ್ಯೂಟ್ ರಾಕ್ನಿ ಅವರ ಹೆಸರು ಆಗ ಅಮೆರಿಕದಲ್ಲಿ ಮನೆಮಾತು. ಪಂದ್ಯಕ್ಕೆ ಮುಂಚೆ ಅವರು ಮಾತನಾಡಿದರೆ ಆಟಗಾರರ ರಕ್ತ ಕುದಿಯುತ್ತದೆ ಎಂಬ ಪ್ರತೀತಿ. ಇದು ನಿಜವೆ ಎಂದು ಗ್ರಿಫಿತ್ ಅವರಿಗೇ ಕಾಗದ ಬರೆದು ಕೇಳಿದರು. ೧೯೨೪ರ ಡಿಸೆಂಬರಿನಲ್ಲಿ ರಾಕ್ನಿ ಉತ್ತರ ಬರೆದರು. ತಾವು ಆಟಗಾರರನ್ನು ಹಾಗೆ ಕೆರಳಿಸಲು ಹೋಗುವುದಿಲ್ಲ. ತೀರ ಅಪೂರ್ವ ಸಂದರ್ಭಗಳನ್ನು ಬಿಟ್ಟರೆ ಅದರ ಗೊಡವೆಯೇ ಬೇಡ. ಆಟವನ್ನು ಸಂತೋಷದಿಂದ ಆಡುವವರೇ ತಮಗೆ ಬೇಕಾದವರು ಎಂಬುದು ಆ ಉತ್ತರದ ತಾತ್ಪರ್ಯ. ತಮಾಷೆಯೆಂದರೆ, ನಾಲ್ಕು ವರ್ಷಗಳ ಮೇಲೆ, ೧೯೨೮ರ ನವೆಂಬರಿನಲ್ಲಿ, ಸೈನ್ಯದ ತಂಡದ ಮೇಲಿನ ಪಂದ್ಯದಲ್ಲಿ, ತೀರಿಕೊಂಡಿದ್ದ ಹಳೆಯ ಆಟಗಾರ ಜಾರ್ಜ್ ಗಿಪ್ಪನನ್ನು ನೆನೆದು ರಾಕ್ನಿ ಮಾಡಿದ ಭಾಷಣವೇ ಅಮೆರಿಕದ ಕ್ರೀಡಾಚರಿತ್ರೆಯಲ್ಲಿ ಎಲ್ಲಕ್ಕಿಂತ ಪ್ರಸಿದ್ಧವಾಗಿ ಉಳಿಯಿತು. ಜನ ಆ ಅಪೂರ್ವ ಸಂದರ್ಭವನ್ನೇ ನಿತ್ಯದ ಪದ್ಧತಿಯೆಂದು ನೆನಪಿಟ್ಟುಕೊಂಡರು. ಕಾಗದದಲ್ಲಿದ್ದ ನಿತ್ಯದ ಪದ್ಧತಿಯನ್ನು ಬಲ್ಲವರು ಕೆಲವರೇ.

ಇಲ್ಲಿ ನನ್ನದೊಂದು ಸಂಗತಿ ಹೇಳದೆ ಮುಂದೆ ಹೋಗಲಾರೆ. ಕೆಲವು ವರ್ಷಗಳ ಹಿಂದೆ ತಾಲ್ಲೂಕು ಮಟ್ಟದ ಕಬಡ್ಡಿ ಪಂದ್ಯಕ್ಕೆ ನಮ್ಮ ಶಾಲೆಯ ಹುಡುಗರು ಹೊರಟಿದ್ದಾಗ ಡ್ರಿಲ್ ಮೇಷ್ಟ್ರು ಕಾಯಿಲೆ ಮಲಗಿದರು. ಕನ್ನಡ ಪಂಡಿತನಾದ ನನ್ನನ್ನು ಜೊತೆಗೆ ಕಳುಹಿಸಿದರು. ಅಂತಿಮ ಪಂದ್ಯದ ಅರ್ಧಾವಧಿಯಲ್ಲಿ ನಮ್ಮವರು ಮೂರು ಅಂಕ ಹಿಂದಿದ್ದರು. ನನಗೆ ಕಬಡ್ಡಿ ಬಾರದಿದ್ದರೂ ಮಾತು ಬರುತ್ತದಲ್ಲ! ಹುಡುಗರನ್ನು ಸುತ್ತ ನಿಲ್ಲಿಸಿಕೊಂಡು, ಶಾಲೆಯ ಮಾನ, ಊರಿನ ಹೆಸರು, ಹೆತ್ತವರ ಆಸೆ ಎಲ್ಲವನ್ನೂ ಎತ್ತಿ ಹತ್ತು ನಿಮಿಷ ಝಾಡಿಸಿದೆ. ಅಲ್ಲಿಯವರೆಗೆ ಮೀನಿನಂತೆ ನುಸುಳಿ ಬರುತ್ತಿದ್ದ ಹುಡುಗನೊಬ್ಬನಿದ್ದ. ಅವನ ಹೆಗಲ ಮೇಲೆ ಕೈಯಿಟ್ಟು, ‘ಎಲ್ಲ ನಿನ್ನ ಕಾಲಲ್ಲಿದೆ ಕಣಪ್ಪಾ, ನೋಡಿಕೊಂಡು ಆಡು’ ಎಂದೆ. ಆಮೇಲೆ ಹೋದ ಮೂರು ಸಲವೂ ಅವನು ಸಿಕ್ಕಿಬಿದ್ದ. ಸೋತು ಬಸ್ಸಿನಲ್ಲಿ ಹಿಂದಿರುಗುವಾಗ ಅವನು ಕಿಟಕಿಯ ಕಡೆಗೇ ಮುಖ ಮಾಡಿಕೊಂಡಿದ್ದ. ನಾನು ಬೆನ್ನು ತಟ್ಟಿ ಕೇಳಿದ್ದಕ್ಕೆ, ‘ಏನೋ ಗೊತ್ತಿಲ್ಲ ಸಾರ್, ನೀವು ಹೇಳಿದ ಮೇಲೆ ನನ್ನ ಕಾಲು ನನಗೇ ನೆನಪಾಗೋದಕ್ಕೆ ಶುರುವಾಯ್ತು’ ಎಂದ.

ಕರ್ಣನ ರಥದಲ್ಲಿ ಕುಳಿತು ಅವನ ಧೈರ್ಯವನ್ನು ಮಾತಿನಿಂದ ಕತ್ತರಿಸಿದ ಶಲ್ಯನ ಸಾರಥ್ಯವನ್ನು ತರಗತಿಯಲ್ಲಿ ಎಷ್ಟೋ ವರ್ಷ ಪಾಠ ಹೇಳಿದ್ದೇನೆ. ಶಲ್ಯ ಬೇಕೆಂದು ಮಾಡಿದ. ನಾನು ಒಳ್ಳೆಯದಾಗಲೆಂದು ಮಾಡಿದೆ. ಹುಡುಗನ ಪಾಲಿಗೆ ಎರಡೂ ಒಂದೇ. ಗ್ರಿಫಿತ್ ಅವರ ವಿಷಯ ನನ್ನ ಕಣ್ಣಿಗೆ ಬಿದ್ದದ್ದು ಇದಾದ ಮರುವರ್ಷ, ಡ್ರಿಲ್ ಮೇಷ್ಟ್ರ ಮೇಜಿನ ಮೇಲಿದ್ದ ಒಂದು ಪುಸ್ತಕದಲ್ಲಿ. ತನ್ನ ಓಟ ನೆನಪಿಲ್ಲದ ಗ್ರೇಂಜನ ಪ್ರಸಂಗ ಓದಿದಾಗ, ಕಾಲು ನೆನಪಾಗಿ ಸೋತ ನಮ್ಮ ಹುಡುಗನ ಮುಖ ಎದುರು ಬಂತು. ಈ ಲೇಖನ ಬರೆಯುವ ಅಧಿಕಾರ ನನಗೆ ಏನಾದರೂ ಇದ್ದರೆ ಅದು ಅಲ್ಲಿಂದ ಬಂದುದು.

ಮತ್ತೆ ಕಥೆಗೆ ಬರೋಣ. ೧೯೨೬ರಲ್ಲಿ ಗ್ರಿಫಿತ್ ‘ತರಬೇತಿಯ ಮನಶ್ಶಾಸ್ತ್ರ’ ಎಂಬ ಗ್ರಂಥವನ್ನೂ ೧೯೨೮ರಲ್ಲಿ ‘ಮನಶ್ಶಾಸ್ತ್ರ ಮತ್ತು ಕ್ರೀಡೆ’ ಎಂಬುದನ್ನೂ ಪ್ರಕಟಿಸಿದರು. ನಡುವೆ ಗುಗೆನ್‌ಹೈಮ್ ವೇತನ ಪಡೆದು ಬರ್ಲಿನ್ನಿಗೆ ಹೋಗಿ ಅಲ್ಲಿಯ ಪ್ರಯೋಗಶಾಲೆಗಳನ್ನು ನೋಡಿ ಬಂದರು. ಎಲ್ಲವೂ ಸರಿಯಾಗಿ ನಡೆಯುತ್ತಿದೆ ಎನ್ನುವಾಗ ಅಮೆರಿಕದ ಮಹಾಮುಗ್ಗಟ್ಟು ಬಂದೆರಗಿತು. ವಿಶ್ವವಿದ್ಯಾನಿಲಯಗಳು ಖರ್ಚು ಕಡಿಮೆ ಮಾಡಲು ಹೊರಟಾಗ ಯಾವ ಕೋಣೆಗೆ ಮೊದಲು ಬೀಗ ಬೀಳುತ್ತದೆ ಎಂಬುದನ್ನು ಊಹಿಸಬಹುದು. ಫುಟ್‌ಬಾಲ್ ತಂಡದ ತರಬೇತುದಾರ ಬಾಬ್ ಝಪ್ಕಿ ಅವರ ಉತ್ಸಾಹವೂ ಅಷ್ಟರಲ್ಲಿ ತಗ್ಗಿತ್ತೆಂದು ಹೇಳುವವರಿದ್ದಾರೆ. ಏಳು ವರ್ಷ ನಡೆದ ಪ್ರಯೋಗಶಾಲೆ ೧೯೩೨ರಲ್ಲಿ ಮುಚ್ಚಿತು. ಗ್ರಿಫಿತ್ ವಿಶ್ವವಿದ್ಯಾನಿಲಯದ ಇತರ ಕೆಲಸಗಳಿಗೆ ತಿರುಗಿದರು.

ಆರು ವರ್ಷಗಳ ಬಳಿಕ, ಅನಿರೀಕ್ಷಿತವಾಗಿ, ಒಂದು ಕರೆ ಬಂತು. ಷಿಕಾಗೋ ನಗರದ ಕಬ್ಸ್ ಎಂಬ ಬೇಸ್‌ಬಾಲ್ ತಂಡದ ಒಡೆಯರು ಫಿಲಿಪ್ ರಿಗ್ಲಿ, ಚ್ಯೂಯಿಂಗ್ ಗಮ್ ವ್ಯಾಪಾರದ ಮನೆತನದವರು. ಕಾರ್ಖಾನೆಯಲ್ಲಿ ಯಂತ್ರಗಳನ್ನೂ ಕೆಲಸವನ್ನೂ ಪರೀಕ್ಷಿಸಿ ಸುಧಾರಿಸಲಾಗುತ್ತದೆ. ಆಟಗಾರರ ವಿಷಯದಲ್ಲಿ ಅದೇಕೆ ಆಗದು ಎಂಬ ಯೋಚನೆ ಅವರಿಗೆ. ೧೯೩೮ರಲ್ಲಿ ಗ್ರಿಫಿತ್ ಅವರನ್ನು ಆ ಕೆಲಸಕ್ಕೆ ನೇಮಿಸಿಕೊಂಡರು. ಬೇಸ್‌ಬಾಲ್ ಎಂದರೆ ದಾಂಡಿನಿಂದ ಚೆಂಡನ್ನು ಹೊಡೆದು ಓಡುವ ಆಟ. ಕ್ರಿಕೆಟ್ಟಿನ ದಾಯಾದಿ ಎಂದರೆ ಸಾಕು. ಕ್ಯಾಲಿಫೋರ್ನಿಯದ ತೀರದಾಚೆಯ ಕ್ಯಾಟಲೀನಾ ದ್ವೀಪದಲ್ಲಿ ತಂಡದ ವಸಂತಕಾಲದ ಅಭ್ಯಾಸ ಶಿಬಿರ. ಗ್ರಿಫಿತ್ ಅವರೂ ಸಹಾಯಕ ಜಾನ್ ಸ್ಟೆರಟ್ ಅವರೂ ಸಿನಿಮಾ ಕ್ಯಾಮರಾ, ಕಾಲಮಾಪಕಗಳನ್ನು ಹೊತ್ತುಕೊಂಡು ಅಲ್ಲಿಗೆ ಹೋದರು.

ತಂಡದ ಮ್ಯಾನೇಜರ್ ಚಾರ್ಲಿ ಗ್ರಿಮ್ ಅವರ ಸ್ಥಿತಿಯನ್ನೂ ನಾವು ಸ್ವಲ್ಪ ಅರ್ಥಮಾಡಿಕೊಳ್ಳಬೇಕು. ಜೀವಮಾನವೆಲ್ಲ ಆಟದಲ್ಲಿಯೇ ಬೆಳೆದ ಮನುಷ್ಯ. ಎದುರಿಗೆ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರೊಬ್ಬರು ಯಂತ್ರ ಹಿಡಿದು ನಿಂತು, ತನ್ನ ಮಾತು ನಡೆಯಬೇಕಾದ ಜಾಗದಲ್ಲಿ ತಾವು ಬರೆದುಕೊಳ್ಳುತ್ತಿದ್ದಾರೆ. ಬರೆದದ್ದು ನೇರವಾಗಿ ಒಡೆಯರ ಕೈಗೆ ಹೋಗುತ್ತದೆ. ಶಾಲೆಯ ಇನ್‌ಸ್ಪೆಕ್ಟರರು ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು ಗೀಚಿಕೊಳ್ಳುವಾಗ ನಮಗೆ ಹೇಗಾಗುತ್ತದೋ ಹಾಗೆ ಅವರಿಗೂ ಆಗಿರಬೇಕು. ಅವರು ಗೇಲಿ ಮಾಡಿದರು; ಆಟಗಾರರೂ ಮಾಡಿದರು. ಬೇಸಗೆಯ ನಡುವೆ ಗ್ರಿಮ್ ಹೋಗಿ, ತಂಡದ ಆಟಗಾರರೇ ಆಗಿದ್ದ ಗ್ಯಾಬಿ ಹಾರ್ಟ್‌ನೆಟ್ ಮ್ಯಾನೇಜರಾದರು. ಅವರೊಡನೆಯಂತೂ ಗ್ರಿಫಿತ್ ಅವರ ಸಂಬಂಧ ಇನ್ನೂ ಕೆಟ್ಟಿತು.

ಗ್ರಿಫಿತ್ ಹೇಳುತ್ತಿದ್ದುದಾದರೂ ಏನು? ಅಭ್ಯಾಸವು ಪಂದ್ಯದಂತಿರಬೇಕು, ಸುಮ್ಮನೆ ಚೆಂಡು ಹೊಡೆದು ಹಿಡಿದು ಬೆವರು ಸುರಿಸಿದರೆ ಅದು ಅಭ್ಯಾಸವಲ್ಲ ಎಂಬುದೊಂದು. ಆಟದ ಕುಶಲತೆ ಹುಟ್ಟಿನಿಂದ ಬಂದದ್ದು, ಇದ್ದವನಿಗೆ ಇದೆ, ಇಲ್ಲದವನಿಗೆ ಇಲ್ಲ ಎಂದು ಕೈಚೆಲ್ಲಬಾರದು, ಕಲಿಸುವ ರೀತಿಯಲ್ಲಿ ಕಲಿಸಿದರೆ ಅದು ಬೆಳೆಯುತ್ತದೆ ಎಂಬುದು ಇನ್ನೊಂದು. ಈಗ ಇವೆರಡೂ ಎಲ್ಲರೂ ಒಪ್ಪಿದ ಮಾತುಗಳು. ಆಗ ಅವು ಹಿರಿಯರ ಅನುಭವಕ್ಕೆ ಮಾಡಿದ ಅವಮಾನದಂತೆ ಕೇಳಿಸಿದವು. ಗ್ರಿಫಿತ್ ಅವರಲ್ಲಿಯೂ ತಪ್ಪಿರಲಿಲ್ಲವೆಂದು ನಾನು ಹೇಳುವುದಿಲ್ಲ. ಮೊದಲು ತರಬೇತುದಾರರಿಂದ ಕಲಿಯಬೇಕೆಂದು ೧೯೨೫ರಲ್ಲಿ ಬರೆದಿದ್ದವರು, ಕಬ್ಸ್ ತಂಡದ ವರದಿಗಳಲ್ಲಿ ಹಾರ್ಟ್‌ನೆಟ್ ಅವರನ್ನು ಕಟುವಾಗಿ ಟೀಕಿಸಿದ್ದಾರೆ. ರಾಕ್ನಿಗೆ ಅಷ್ಟು ವಿನಯದಿಂದ ಕಾಗದ ಬರೆದ ಕೈಯೇ ಇದು ಎಂದು ನಂಬುವುದು ಕಷ್ಟ. ಒಡೆಯನ ಸಂಬಳ ತೆಗೆದುಕೊಂಡು ಒಡೆಯನಿಗೇ ವರದಿ ಒಪ್ಪಿಸುವವನನ್ನು ಆಳುಗಳು ನಂಬುವುದಿಲ್ಲ. ಮನಸ್ಸಿನ ಶಾಸ್ತ್ರ ಬಲ್ಲವರಿಗೆ ಇಷ್ಟು ತಿಳಿಯದೆ ಹೋದದ್ದು ಆಶ್ಚರ್ಯ.

ಆ ವರ್ಷ ಕಬ್ಸ್ ತಂಡ ತನ್ನ ಲೀಗಿನಲ್ಲಿ ಗೆದ್ದಿತು. ವರ್ಲ್ಡ್ ಸೀರೀಸ್ ಎಂಬ ಅಂತಿಮ ಸರಣಿಯಲ್ಲಿ ನ್ಯೂಯಾರ್ಕಿನ ಯ್ಯಾಂಕೀಸ್ ತಂಡಕ್ಕೆ ನಾಲ್ಕಕ್ಕೆ ನಾಲ್ಕೂ ಪಂದ್ಯ ಸೋತಿತು. ಗೆಲುವಿನ ಕೀರ್ತಿ ಪ್ರಾಧ್ಯಾಪಕರಿಗೆ ಸಿಗಲಿಲ್ಲ; ಸಿಗಬೇಕಾಗಿತ್ತೆಂದು ಹೇಳಲು ಆಧಾರವೂ ಇಲ್ಲ. ಮುಂದಿನ ಎರಡು ವರ್ಷಗಳಲ್ಲಿ ಅವರ ಕೆಲಸ ಸೊರಗುತ್ತ ಹೋಗಿ ೧೯೪೦ರ ಹೊತ್ತಿಗೆ ನಿಂತಿತು. ಉಳಿದದ್ದು ಬೆರಳಚ್ಚಿನ ನೂರಾರು ಪುಟಗಳು.

ಅಲ್ಲಿಂದ ಮುಂದೆ ಅವರು ಆಟದ ಬಯಲಿಗೆ ಹಿಂದಿರುಗಲಿಲ್ಲ. ೧೯೪೪ರಲ್ಲಿ ವಿಶ್ವವಿದ್ಯಾನಿಲಯದ ಪ್ರೋವೋಸ್ಟ್, ಎಂದರೆ ವಿದ್ಯಾವಿಷಯಗಳ ಹಿರಿಯ ಅಧಿಕಾರಿ, ಆದರು. ಕ್ಯಾನ್ಸರಿನ ಔಷಧಿಯೆನ್ನಲಾದ ಕ್ರೆಬಿಯೋಜೆನ್ ಎಂಬುದರ ಸುತ್ತ ಎದ್ದ ಗದ್ದಲದಲ್ಲಿ ೧೯೫೩ರಲ್ಲಿ ಆ ಸ್ಥಾನ ಬಿಟ್ಟರು. ತೀರಿಕೊಂಡದ್ದು ೧೯೬೬ರಲ್ಲಿ. ಅದರ ಹಿಂದಿನ ವರ್ಷವೇ ರೋಮ್ ನಗರದಲ್ಲಿ ಹಲವು ದೇಶಗಳ ವಿದ್ವಾಂಸರು ಸೇರಿ ಕ್ರೀಡಾ ಮನಶ್ಶಾಸ್ತ್ರದ ಅಂತರರಾಷ್ಟ್ರೀಯ ಸಂಘವನ್ನು ಸ್ಥಾಪಿಸಿದ್ದರು. ತೀರಿಕೊಂಡ ವರ್ಷವೇ ಕ್ಯಾಲಿಫೋರ್ನಿಯದ ಬ್ರೂಸ್ ಓಗಿಲ್ವಿ ಮತ್ತು ಥಾಮಸ್ ಟುಟ್ಕೊ ಅವರ, ತೊಡಕಿನ ಆಟಗಾರರನ್ನು ನಡೆಸಿಕೊಳ್ಳುವ ಬಗೆಯನ್ನು ಕುರಿತ ಪುಸ್ತಕ ಹೊರಬಂತು. ಶಾಸ್ತ್ರ ಎರಡನೆಯ ಬಾರಿ ಹುಟ್ಟುತ್ತಿತ್ತು. ೧೯೭೦ರಲ್ಲಿ ಕ್ರೋಲ್ ಮತ್ತು ಲೂಯಿಸ್ ಎಂಬಿಬ್ಬರು ‘ಅಮೆರಿಕದ ಮೊದಲ ಕ್ರೀಡಾ ಮನಶ್ಶಾಸ್ತ್ರಜ್ಞ’ ಎಂಬ ಲೇಖನ ಬರೆದು ಗ್ರಿಫಿತ್ ಅವರ ಹೆಸರಿನ ಧೂಳು ಕೊಡವಿದರು. ಶಿಷ್ಯರಿಲ್ಲದ ಪ್ರವಾದಿ ಎಂಬುದು ಅವರ ತೀರ್ಮಾನ. ಅಂದಿನಿಂದ ಪಠ್ಯಪುಸ್ತಕಗಳಲ್ಲಿ ಅವರು ಈ ಶಾಸ್ತ್ರದ ಪಿತಾಮಹರು.

ಮಕ್ಕಳಿಲ್ಲದೆ ಪಿತಾಮಹರಾಗುವುದು ಹೇಗೆ? ನಮ್ಮಲ್ಲಿ ವಿದ್ಯೆಯೆಂದರೆ ಪರಂಪರೆ. ಗುರು, ಶಿಷ್ಯ, ಪ್ರಶಿಷ್ಯ ಎಂದು ಕೊಂಡಿ ಸೇರದಿದ್ದರೆ ಪ್ರಭಾವವೆಂಬ ಮಾತನ್ನು ಒಪ್ಪಿಕೊಳ್ಳಲು ನಮಗೆ ಸಂಕೋಚ. ಆದುದರಿಂದ ಇಲ್ಲಿ ಅಳತೆ ಮಾಡಿ ಮಾತನಾಡಬೇಕು. ಆಟದಲ್ಲಿ ಮೈಮರೆತ ತನ್ಮಯ ಸ್ಥಿತಿಯನ್ನು ಕುರಿತು ಚಿಕ್‌ಸೆಂಟ್‌ಮಿಹಾಯಿ ಎಂಬ ವಿದ್ವಾಂಸರು ೧೯೭೫ರಲ್ಲಿ ಗ್ರಂಥ ಬರೆದರು. ಪಳಗಿದ ಆಟಗಾರ ತನ್ನ ಅಂಗಾಂಗಗಳ ಚಲನೆಯನ್ನೇ ಗಮನಿಸತೊಡಗಿದರೆ ಆಟ ಕೆಡುತ್ತದೆಂದು ಆಮೇಲಿನವರು ಹಲವು ಪ್ರಯೋಗಗಳಿಂದ ತೋರಿಸಿದರು. ಗ್ರೇಂಜನ ಮರೆವಿಗೂ ಇವುಗಳಿಗೂ ಇರುವ ನಂಟು ಕಣ್ಣಿಗೆ ಕಾಣುತ್ತದೆ. ಆದರೆ ಇವರು ಗ್ರಿಫಿತ್ ಅವರನ್ನು ಓದಿ ಹೊರಟವರಲ್ಲ, ತಮ್ಮ ದಾರಿಯಲ್ಲಿ ಬಂದು ಅದೇ ಬಾವಿಯ ನೀರು ಸೇದಿದವರು. ಅದನ್ನು ಪ್ರಭಾವವೆಂದರೆ ಅತಿಶಯೋಕ್ತಿ. ನೇರವಾಗಿ ಉಳಿದದ್ದು ಮತ್ತೊಂದು. ೧೯೨೫ರಲ್ಲಿ ಅವರು ಬರೆದಿಟ್ಟ ಮೂರು ಕೆಲಸಗಳ ಕಾರ್ಯಕ್ರಮವನ್ನು ಇಂದಿಗೂ ಈ ಶಾಸ್ತ್ರದ ವಿದ್ಯಾರ್ಥಿಗಳು ಮೊದಲ ಪಾಠದಲ್ಲಿ ಓದುತ್ತಾರೆ. ಪ್ರಯೋಗಶಾಲೆಗೂ ಬಯಲಿಗೂ ನಡುವೆ ಓಡಾಡಬೇಕು, ಎರಡರಲ್ಲಿ ಒಂದನ್ನೇ ಹಿಡಿದರೆ ಕೆಲಸ ಕೆಡುತ್ತದೆ ಎಂಬ ವಿವೇಕ ಅದರಲ್ಲಿದೆ. ಕಬ್ಸ್ ತಂಡದಲ್ಲಿ ಅವರು ಕಂಡ ಸೋಲೂ ಒಂದು ಪಾಠವಾಗಿ ಉಳಿದಿದೆ. ಆಟಗಾರ ಹೇಳಿಕೊಂಡದ್ದನ್ನು ಗುಟ್ಟಾಗಿಡಬೇಕು, ತರಬೇತುದಾರನ ಒಪ್ಪಿಗೆಯಿಲ್ಲದೆ ತಂಡದೊಳಗೆ ಕಾಲಿಡಬಾರದು ಎಂಬುದು ಈಗ ಈ ವೃತ್ತಿಯ ಶಿಷ್ಟಾಚಾರ.

ಅದೇ ಕಬ್ಸ್ ತಂಡ ೨೦೧೬ರಲ್ಲಿ, ೧೦೮ ವರ್ಷಗಳ ಬಳಿಕ, ವರ್ಲ್ಡ್ ಸೀರೀಸ್ ಗೆದ್ದಿತು. ಆ ವೇಳೆಗೆ ಆಟಗಾರರ ಮನಸ್ಸನ್ನು ಹದಗೊಳಿಸಲೆಂದೇ ತಂಡದಲ್ಲಿ ಪ್ರತ್ಯೇಕ ವಿಭಾಗವಿತ್ತು. ಅದನ್ನು ಯಾರೂ ಗೇಲಿ ಮಾಡಲಿಲ್ಲ. ನಮ್ಮ ದೇಶಕ್ಕೆ ಬಂದರೆ, ೨೦೧೧ರಲ್ಲಿ ವಿಶ್ವಕಪ್ ಗೆದ್ದ ಭಾರತ ಕ್ರಿಕೆಟ್ ತಂಡದೊಡನೆ ಪ್ಯಾಡಿ ಅಪ್ಟನ್ ಎಂಬ ದಕ್ಷಿಣ ಆಫ್ರಿಕದ ಮಾನಸಿಕ ತರಬೇತುದಾರರಿದ್ದರು. ೨೦೨೨ರಲ್ಲಿ ನಮ್ಮ ಬೆಂಗಳೂರಿನ ರಾಹುಲ್ ದ್ರಾವಿಡ್ ಅವರು ಮುಖ್ಯ ತರಬೇತುದಾರರಾಗಿದ್ದಾಗ ಅವರನ್ನು ಮತ್ತೆ ತಂಡಕ್ಕೆ ಕರೆಸಿಕೊಳ್ಳಲಾಯಿತು. ಗ್ರಿಮ್ ಅವರ ಜಾಗದಲ್ಲಿ ದ್ರಾವಿಡರಂಥವರು ಇದ್ದಿದ್ದರೆ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಅನ್ನಿಸಿದ್ದೆಲ್ಲ ಚರಿತ್ರೆಯಾಗುವುದಿಲ್ಲ.

ಗ್ರಿಫಿತ್ ಅವರ ಕಾಗದಪತ್ರಗಳು ಇಂದು ಅರ್ಬಾನಾ ಊರಿನಲ್ಲಿ, ಅವರು ಕೆಲಸ ಮಾಡಿದ ವಿಶ್ವವಿದ್ಯಾನಿಲಯದ ದಫ್ತರಖಾನೆಯಲ್ಲಿ ಭದ್ರವಾಗಿವೆ. ನಾನು ಅವನ್ನು ಕಾಣುವ ಯೋಗವಿಲ್ಲ. ಆದರೆ ಅವರಿಂದ ಒಂದು ಅಭ್ಯಾಸವನ್ನು ಎರವಲು ತಂದುಕೊಂಡಿದ್ದೇನೆ. ನಮ್ಮ ಹುಡುಗರು ಆಡಿ ಬಂದಾಗ, ಗೆದ್ದಿರಲಿ ಸೋತಿರಲಿ, ನೀರು ಕುಡಿಯಲು ಬಿಟ್ಟು ಆಮೇಲೆ ಒಬ್ಬೊಬ್ಬನನ್ನೇ ಕರೆದು, ಆಡುವಾಗ ಏನು ಕಂಡೆ ಎಂದು ಕೇಳುತ್ತೇನೆ. ಉತ್ತರಗಳು ಒಂದೇ ತೆರನಾಗಿರುವುದಿಲ್ಲ. ಒಬ್ಬನಿಗೆ ಎದುರು ತಂಡದವನ ಅಂಗಿಯ ಹರಿದ ಗುಂಡಿ ನೆನಪಿತ್ತು. ಇನ್ನೊಬ್ಬನಿಗೆ ಪಕ್ಕದ ಬೇಲಿಯಲ್ಲಿ ಮೇಯುತ್ತಿದ್ದ ಆಡು. ಹೋದ ಬೇಸಗೆಯಲ್ಲಿ, ಒಂದೇ ದಾಳಿಯಲ್ಲಿ ನಾಲ್ವರನ್ನು ಮುಟ್ಟಿ ಬಂದ ಎಂಟನೆಯ ತರಗತಿಯ ಹುಡುಗನೊಬ್ಬ ನನ್ನ ಮುಖವನ್ನು ಕಣ್ಣು ಮಿಟುಕಿಸದೆ ನೋಡಿ, ‘ನಾಲ್ಕು ಜನಾನಾ ಸಾರ್?’ ಎಂದ.